ವಿದೇಶದಲ್ಲಿ ಓದು, ವಾರದ ರಜೆಯಲ್ಲಿ ಇತಿಹಾಸ

ಉರ್ದು ಭಾಷೆಯ 'ತಾರೀಖ್' ಎಂಬ ಪದಕ್ಕೆ ಎರಡು ಅರ್ಥಗಳಿವೆ. ಒಂದು ದಿನಾಂಕ, ಮತ್ತೊಂದು ಇತಿಹಾಸ. ಈ ಪದವು ಕನ್ನಡಕ್ಕೆ ಬಂದು 'ತಾರೀಖು' ಆಯಿತು. ಆದರೆ ಬರುವಾಗ ದಿನಾಂಕವನ್ನು ಮಾತ್ರ ತಂದಿತು, ಇತಿಹಾಸವನ್ನು ಅಲ್ಲಿಯೇ ಬಿಟ್ಟು ಬಂದಿತು. ಎರಡೂ ಭಾಷೆಗಳ ಪಾಠ ಹೇಳುವ ನನಗೆ ತರಗತಿಯಲ್ಲಿ ಈ ಮಾತು ಆಗಾಗ ನೆನಪಾಗುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಿತು, ಟಿಪ್ಪು ಸುಲ್ತಾನರು ವೀರಮರಣ ಹೊಂದಿದರು ಎಂಬುದನ್ನು ನಮ್ಮ ಮಕ್ಕಳು ತಡವರಿಸದೆ ಹೇಳುತ್ತಾರೆ. ಆದರೆ ಆ ಮರುದಿನ ಏನಾಯಿತು? ಅರಮನೆಯಲ್ಲಿದ್ದ ಗ್ರಂಥಗಳು, ಸಿಂಹಾಸನ, ಗುಡಾರಗಳು ಎಲ್ಲಿಗೆ ಹೋದವು? ಹೀಗೆ ಕೇಳಿದರೆ ತರಗತಿ ಮೌನವಾಗುತ್ತದೆ. ತಾರೀಖು ಗೊತ್ತಿದೆ, 'ತಾರೀಖ್' ಗೊತ್ತಿಲ್ಲ.

ಈ ಪ್ರಶ್ನೆಗೆ ಉತ್ತರದ ದೊಡ್ಡ ಭಾಗ ಇಂದು ಬ್ರಿಟನ್ ದೇಶದಲ್ಲಿದೆ. ನಮ್ಮ ಸಮಾಜದ ಎಷ್ಟೋ ಯುವಕ ಯುವತಿಯರು ಉನ್ನತ ವ್ಯಾಸಂಗಕ್ಕಾಗಿ ಹೋಗುತ್ತಿರುವುದೂ ಅದೇ ದೇಶಕ್ಕೆ. ಅಲ್ಲಿನ ಸ್ನಾತಕೋತ್ತರ ಪದವಿ ಹೆಚ್ಚಾಗಿ ಒಂದು ವರ್ಷದ್ದು. ವಾರದಲ್ಲಿ ಐದು ದಿನ ತರಗತಿ, ಗ್ರಂಥಾಲಯ, ಬರವಣಿಗೆ, ಹಲವರಿಗೆ ಕೈಖರ್ಚಿಗಾಗಿ ಒಂದಿಷ್ಟು ಕೆಲಸ. ಉಳಿಯುವುದು ಶನಿವಾರ ಮತ್ತು ಭಾನುವಾರ. ಆ ಎರಡು ದಿನಗಳಲ್ಲಿ ಊರು ಸುತ್ತುವುದು ತಪ್ಪಲ್ಲ. ಆದರೆ ತಂದೆ ತಾಯಂದಿರು ಸಾಲ ಮಾಡಿ ಕಳುಹಿಸಿದ ಆ ಒಂದು ವರ್ಷದಿಂದ ಪದವಿಯ ಜೊತೆಗೆ ಇನ್ನೇನನ್ನು ತರಬಹುದು ಎಂಬುದನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಒಂದು ಹಳೆಯ ಪ್ರವಾಸ

ವಿದೇಶ ವ್ಯಾಸಂಗ ಮತ್ತು ಪ್ರೇಕ್ಷಣೆ ಎರಡನ್ನೂ ಒಟ್ಟಿಗೆ ಹೇಗೆ ಮಾಡಬಹುದು ಎಂಬುದಕ್ಕೆ ನಮ್ಮ ಮುಂದೆ ಒಂದು ಉತ್ತಮ ಉದಾಹರಣೆಯಿದೆ. 1869ರಲ್ಲಿ ಸರ್ ಸೈಯದ್ ಅಹ್ಮದ್ ಖಾನರು ಇಂಗ್ಲೆಂಡಿಗೆ ಹೊರಟರು. ಅವರ ಪುತ್ರ ಸೈಯದ್ ಮಹಮೂದರಿಗೆ ಅಲ್ಲಿ ಓದಲು ವಿದ್ಯಾರ್ಥಿವೇತನ ದೊರೆತಿತ್ತು. ತಂದೆಗೆ ಆಗ ಐವತ್ತು ದಾಟಿತ್ತು. ಪ್ರಯಾಣದ ಖರ್ಚಿಗಾಗಿ ಅವರು ತಮ್ಮ ಮನೆಯನ್ನು ಅಡವಿಟ್ಟರು. 1870ರವರೆಗೆ ಲಂಡನ್ನಿನಲ್ಲಿದ್ದು, ಅಲ್ಲಿ ಕಂಡದ್ದನ್ನೆಲ್ಲ ಉರ್ದುವಿನಲ್ಲಿ ಪತ್ರರೂಪವಾಗಿ ಬರೆದು ಊರಿಗೆ ಕಳುಹಿಸುತ್ತಿದ್ದರು. ಇಂಡಿಯಾ ಆಫೀಸಿನ ಗ್ರಂಥಾಲಯದಲ್ಲಿ ಕುಳಿತು ಹಳೆಯ ಗ್ರಂಥಗಳನ್ನು ಓದಿದರು. ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿನ ಶಿಕ್ಷಣ ಕ್ರಮವನ್ನು ಗಮನಿಸಿದರು. ಮಗ ಅಲ್ಲಿ ವಿದ್ಯಾರ್ಥಿಯಾದರೆ, ತಂದೆ ವಿದ್ಯಾರ್ಥಿಯ ಕಣ್ಣಿನಿಂದ ಆ ದೇಶವನ್ನು ನೋಡಿದರು ಎನ್ನಬಹುದು. ಮರಳಿ ಬಂದ ಮೇಲೆ 1875ರಲ್ಲಿ ಅಲಿಗಢದಲ್ಲಿ ಶಾಲೆ ಆರಂಭವಾಯಿತು, 1877ರಲ್ಲಿ ಕಾಲೇಜಿಗೆ ಅಡಿಗಲ್ಲು ಬಿತ್ತು, 1920ರಲ್ಲಿ ಅದು ವಿಶ್ವವಿದ್ಯಾಲಯವಾಯಿತು. ನೋಡಿ ಬಂದದ್ದು ಮಾತಿನಲ್ಲಿಯೇ ಮುಗಿಯದೆ ಕಟ್ಟಡವಾಯಿತು, ತರಗತಿಯಾಯಿತು.

ಎಲ್ಲರೂ ವಿಶ್ವವಿದ್ಯಾಲಯ ಕಟ್ಟಬೇಕಾಗಿಲ್ಲ. ಆದರೆ ನೋಡಿದ್ದನ್ನು ಬರೆದಿಡುವುದು, ಊರಿನವರಿಗೆ ತಿಳಿಸುವುದು ಎಲ್ಲರಿಂದಲೂ ಆಗುವ ಕೆಲಸ.

ಲಂಡನ್ನಿನಲ್ಲಿ ಮೈಸೂರಿನ ಹುಲಿ

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿ 'ಟಿಪ್ಪುವಿನ ಹುಲಿ' ಎಂದು ಪ್ರಸಿದ್ಧವಾದ ಮರದ ಯಂತ್ರವಿದೆ. ಪ್ರವೇಶ ಉಚಿತ. ಹೋಗುವ ಮುನ್ನ ಅದು ಆಗ ಪ್ರದರ್ಶನದಲ್ಲಿದೆಯೇ ಎಂದು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಸುಮಾರು 1793ರಲ್ಲಿ ತಯಾರಾದ ಈ ಹುಲಿಯು ಒಬ್ಬ ಯುರೋಪಿಯನ್ನನ ಮೇಲೆ ಎರಗಿ ನಿಂತಿದೆ. ಬದಿಯಲ್ಲಿರುವ ಹಿಡಿಯನ್ನು ತಿರುಗಿಸಿದರೆ ಬಿದ್ದವನ ಕೈ ಏಳುತ್ತಿತ್ತು, ಅವನ ನರಳಾಟವೂ ಹುಲಿಯ ಗರ್ಜನೆಯೂ ಕೇಳುತ್ತಿದ್ದವು. ಹುಲಿಯ ಹೊಟ್ಟೆಯೊಳಗೆ ಒಂದು ಪುಟ್ಟ ಆರ್ಗನ್ ವಾದ್ಯವಿದೆ.

ಶ್ರೀರಂಗಪಟ್ಟಣದ ಅರಮನೆಯ ಸಂಗೀತದ ಕೋಣೆಯಲ್ಲಿ ಇದು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಸಿಕ್ಕಿತು. ಅಲ್ಲಿಂದ ಹಡಗಿನಲ್ಲಿ ಲಂಡನ್ನಿಗೆ ಹೋಗಿ, 1808ರಿಂದ ಲೆಡನ್‌ಹಾಲ್ ಬೀದಿಯಲ್ಲಿದ್ದ ಕಂಪನಿಯ ಕಛೇರಿಯಲ್ಲಿ ಜನರಿಗೆ ಪ್ರದರ್ಶಿಸಲ್ಪಟ್ಟಿತು. ನೋಡಲು ಬಂದವರು ಹಿಡಿ ತಿರುಗಿಸಿ ತಿರುಗಿಸಿ, ಪಕ್ಕದ ಗ್ರಂಥಾಲಯದಲ್ಲಿ ಓದಲು ಕುಳಿತವರಿಗೆ ಗದ್ದಲ ತಡೆಯಲಾಗದಂತಾಯಿತಂತೆ. ಕಂಪನಿ ಮುಗಿದು ಹೋಯಿತು, ಆ ಕಛೇರಿಯನ್ನು ಕೆಡವಿದರು. ಹುಲಿ ಉಳಿಯಿತು. 1880ರಲ್ಲಿ ಅದು ಈಗಿನ ವಸ್ತುಸಂಗ್ರಹಾಲಯದ ವಶಕ್ಕೆ ಬಂತು.

ಈ ಹುಲಿಯ ಜೊತೆಗೆ ಇನ್ನೊಂದನ್ನು ನೋಡಬೇಕು. ಶ್ರೀರಂಗಪಟ್ಟಣದ ಯುದ್ಧದಲ್ಲಿ ಪಾಲ್ಗೊಂಡವರಿಗೆ ಕಂಪನಿಯು ಪದಕ ಹಂಚಿತು. ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯಲ್ಲಿ ಅಚ್ಚಾದ ಆ ಪದಕದ ಮೇಲೆ ಬ್ರಿಟಿಷ್ ಸಿಂಹವು ಹುಲಿಯನ್ನು ಕೆಡವಿ ಮೇಲೆ ನಿಂತಿದೆ. ಮೇಲಿನ ಬಾವುಟದಲ್ಲಿ ಅರಬ್ಬಿ ಲಿಪಿಯಲ್ಲಿ 'ಅಸದುಲ್ಲಾಹಿಲ್ ಗಾಲಿಬ್' ಎಂದಿದೆ. ದೇವರ ಸಿಂಹವೇ ವಿಜಯಿ ಎಂದು ಅದರ ಅರ್ಥ. ಹಜರತ್ ಅಲಿಯವರಿಗೆ ಸಲ್ಲುವ ಈ ಬಿರುದು ಟಿಪ್ಪು ಸುಲ್ತಾನರ ಆಯುಧಗಳ ಮೇಲೆ ಹುಲಿಯ ಮುಖದ ಆಕಾರದಲ್ಲಿ ಬರೆಯಲ್ಪಡುತ್ತಿತ್ತು. ಗೆದ್ದವರು ಸೋತವನ ಖಜಾನೆಯನ್ನು ಮಾತ್ರವಲ್ಲ, ಅವನ ಮಾತನ್ನೂ ಕಿತ್ತುಕೊಂಡು ತಮ್ಮ ಬಾವುಟದ ಮೇಲೆ ಬರೆದುಕೊಂಡರು. ಉರ್ದು ಲಿಪಿ ಓದಲು ಬರುವ ನಮ್ಮ ವಿದ್ಯಾರ್ಥಿಗೆ ಈ ಪದಕವನ್ನು ಕಂಡ ಕೂಡಲೇ ಇದು ಹೊಳೆಯಬೇಕು. ತಾಯ್ನುಡಿಯ ಲಿಪಿಯನ್ನು ಮರೆತವನಿಗೆ ಅದು ಬರಿಯ ಚಿತ್ರವಾಗಿ ಕಾಣುತ್ತದೆ.

ಗ್ರಂಥಗಳ ದಾರಿ

ಅರಮನೆಯಲ್ಲಿ ಸುಮಾರು ಎರಡು ಸಾವಿರ ಹಸ್ತಪ್ರತಿಗಳ ಗ್ರಂಥಾಲಯವಿತ್ತು. ಚಾರ್ಲ್ಸ್ ಸ್ಟೂವರ್ಟ್ ಎಂಬ ವಿದ್ವಾಂಸ ಇವುಗಳ ವಿವರಣಾತ್ಮಕ ಪಟ್ಟಿಯನ್ನು 1809ರಲ್ಲಿ ಪ್ರಕಟಿಸಿದ. ಆ ಗ್ರಂಥಗಳಲ್ಲಿ ಕೆಲವು ಕಲ್ಕತ್ತೆಗೆ ಹೋದವು, ಕೆಲವು ಲಂಡನ್ನಿಗೆ ಹೋಗಿ ಇಂದು ಬ್ರಿಟಿಷ್ ಲೈಬ್ರರಿಯಲ್ಲಿವೆ. ಟಿಪ್ಪು ಸುಲ್ತಾನರು ತಮ್ಮ ಕನಸುಗಳನ್ನು ಸ್ವತಃ ಫಾರ್ಸಿಯಲ್ಲಿ ಬರೆದಿಟ್ಟ ಪುಸ್ತಕವೂ ಅಲ್ಲಿದೆ. ಅದರಲ್ಲಿ 37 ಕನಸುಗಳ ವಿವರವಿದೆ.

ಬಿಜಾಪುರದ ಕಥೆಯೂ ಇದೇ ದಾರಿಯದು. ಆದಿಲ್ ಶಾಹಿಗಳ ಕಾಲದ ಗ್ರಂಥಗಳು ಬಿಜಾಪುರದ ಅಸಾರ್ ಮಹಲಿನಲ್ಲಿ ಉಳಿದುಕೊಂಡಿದ್ದವು. 1853ರಲ್ಲಿ ಅವನ್ನು ಲಂಡನ್ನಿಗೆ ಸಾಗಿಸಲಾಯಿತು. ಇಂದಿಗೂ ಅವು ಬ್ರಿಟಿಷ್ ಲೈಬ್ರರಿಯಲ್ಲಿ 'ಬಿಜಾಪುರ ಸಂಗ್ರಹ' ಎಂದೇ ಹೆಸರಾಗಿವೆ. ನಮ್ಮ ಜಿಲ್ಲೆಯೊಂದರ ಹೆಸರು ಲಂಡನ್ನಿನ ಕಪಾಟಿನ ಮೇಲಿದೆ ಎಂಬುದು ಎಷ್ಟು ಜನರಿಗೆ ಗೊತ್ತು? ಈ ಗ್ರಂಥಾಲಯದ ಪ್ರದರ್ಶನ ಕೊಠಡಿಗೆ ಯಾರು ಬೇಕಾದರೂ ಹೋಗಬಹುದು. ಹಸ್ತಪ್ರತಿಗಳನ್ನು ಓದಲು ಓದುಗರ ಪಾಸು ಮಾಡಿಸಬೇಕು. ಫಾರ್ಸಿ, ಅರಬ್ಬಿ ಕಲಿತ ವಿದ್ಯಾರ್ಥಿಗೆ ಇದು ಹಲವು ಶನಿವಾರಗಳ ಕೆಲಸ.

ವೇಲ್ಸಿನ ಕೋಟೆಯಲ್ಲಿ ಒಂದು ಗುಡಾರ

ಬರ್ಮಿಂಗ್‌ಹ್ಯಾಮ್ ಕಡೆ ಓದುವವರು ರೈಲಿನಲ್ಲಿ ವೇಲ್ಸಿನ ವೆಲ್ಶ್‌ಪೂಲ್ ಎಂಬ ಸಣ್ಣ ಊರಿಗೆ ಒಂದು ದಿನದಲ್ಲಿ ಹೋಗಿ ಬರಬಹುದು. ಅದರ ಸಮೀಪ ಪೋವಿಸ್ ಕೋಟೆಯಿದೆ. ಪ್ಲಾಸಿ ಯುದ್ಧದ ರಾಬರ್ಟ್ ಕ್ಲೈವನ ಮಗ ಎಡ್ವರ್ಡ್ ಕ್ಲೈವ್ ಶ್ರೀರಂಗಪಟ್ಟಣ ಬಿದ್ದಾಗ ಮದರಾಸಿನ ಗವರ್ನರ್ ಆಗಿದ್ದ. ಅವನ ಪತ್ನಿ ಹೆನ್ರಿಯೆಟಾ 1800ರಲ್ಲಿ ಮಕ್ಕಳೊಂದಿಗೆ ಮೈಸೂರು ಸೀಮೆಯಲ್ಲಿ ಪ್ರವಾಸ ಮಾಡಿದಳು. ಆ ಕುಟುಂಬ ತಂದ ವಸ್ತುಗಳು ಈ ಕೋಟೆಯಲ್ಲಿವೆ. ಅವುಗಳಲ್ಲಿ ಟಿಪ್ಪು ಸುಲ್ತಾನರ ಗುಡಾರದ ಭಾಗವೂ, ಅವರ ಸಿಂಹಾಸನದ ಚಿನ್ನದ ಹುಲಿ ತಲೆಗಳಲ್ಲಿ ಒಂದೂ ಸೇರಿವೆ. ಗುಡಾರವು ಹೂಬಳ್ಳಿಗಳ ಚಿತ್ತಾರವಿರುವ ಹತ್ತಿಬಟ್ಟೆಯದು. ಒಂದು ಕಾಲಕ್ಕೆ ಕೋಟೆಯ ತೋಟದಲ್ಲಿ ಔತಣಗಳಿಗೆ ಅದನ್ನೇ ಚಪ್ಪರದಂತೆ ಹಾಕುತ್ತಿದ್ದರು.

ಸಿಂಹಾಸನದ ಉಳಿದ ಭಾಗವೆಲ್ಲಿ? ಗೆದ್ದ ಸೈನ್ಯದಲ್ಲಿ ಲೂಟಿಯ ಹಣವನ್ನು ಲೆಕ್ಕ ಹಾಕಿ ಹಂಚಲು ಅಧಿಕಾರಿಗಳಿದ್ದರು. ಚಿನ್ನದ ತಗಡು ಹೊದಿಸಿದ ಸಿಂಹಾಸನವನ್ನು ಅವರು ತುಂಡು ಮಾಡಿಸಿ ಪಾಲು ಹಾಕಿದರು. ಅದರ ಛತ್ರದ ಮೇಲಿದ್ದ ರತ್ನಖಚಿತ 'ಹುಮಾ' ಹಕ್ಕಿ ಮೂರನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಹೋಗಿ ಇಂದು ಅಲ್ಲಿನ ರಾಜಮನೆತನದ ಸಂಗ್ರಹದಲ್ಲಿದೆ. ಹುಮಾ ಹಕ್ಕಿಯ ನೆರಳು ಬಿದ್ದವನು ದೊರೆಯಾಗುತ್ತಾನೆ ಎಂಬುದು ನಮ್ಮ ಹಳೆಯ ನಂಬಿಕೆ.

ಬ್ರೈಟನ್ ಮತ್ತು ವೋಕಿಂಗ್

ಲಂಡನ್ನಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ಪ್ರಯಾಣ ಮಾಡಿದರೆ ಸಮುದ್ರ ತೀರದ ಬ್ರೈಟನ್ ಸಿಗುತ್ತದೆ. ಅಲ್ಲಿನ ರಾಯಲ್ ಪೆವಿಲಿಯನ್ ಅರಮನೆಯ ಗುಮ್ಮಟಗಳನ್ನು, ಮಿನಾರುಗಳನ್ನು ನೋಡಿದರೆ ನಮ್ಮ ದೇಶದ ಕಟ್ಟಡವೇ ಅನಿಸುತ್ತದೆ. 1815 ಮತ್ತು 1822ರ ನಡುವೆ ಅದಕ್ಕೆ ಈ ರೂಪ ಕೊಟ್ಟ ಜಾನ್ ನ್ಯಾಶ್ ಭಾರತವನ್ನು ಕಂಡವನೇ ಅಲ್ಲ. ಚಿತ್ರಗಳನ್ನು ನೋಡಿ ಕಟ್ಟಿಸಿದ.

ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡ ಭಾರತೀಯ ಸೈನಿಕರಿಗೆ 1914ರ ಡಿಸೆಂಬರಿನಿಂದ 1916ರ ಆರಂಭದವರೆಗೆ ಈ ಅರಮನೆ ಆಸ್ಪತ್ರೆಯಾಗಿತ್ತು. ಬೇರೆ ಬೇರೆ ಧರ್ಮ, ಜಾತಿಗಳ ಪದ್ಧತಿಗೆ ತಕ್ಕಂತೆ ಒಂಬತ್ತು ಅಡಿಗೆಮನೆಗಳಿದ್ದವು. ಫಲಕಗಳನ್ನು ಉರ್ದು, ಹಿಂದಿ ಮತ್ತು ಗುರುಮುಖಿಯಲ್ಲಿ ಬರೆಸಿದ್ದರು. ಹುಲ್ಲುಹಾಸಿನ ಮೇಲೆ ನಮಾಜಿಗೆ ಸ್ಥಳವಿತ್ತು. ಇದರ ಛಾಯಾಚಿತ್ರಗಳನ್ನು ಸರ್ಕಾರ ಪ್ರಚಾರಕ್ಕಾಗಿ ಎಲ್ಲೆಡೆ ಹಂಚಿತು. ಆದರೆ ಅದೇ ಊರಿನ ಕಿಚನರ್ ಆಸ್ಪತ್ರೆಯಲ್ಲಿ ಭಾರತೀಯ ಸೈನಿಕರು ಹೊರಗೆ ಓಡಾಡದಂತೆ ಕಾವಲಿತ್ತು. ಅವರು ಮನೆಗೆ ಬರೆದ ಪತ್ರಗಳನ್ನು ಅಧಿಕಾರಿಗಳು ಮೊದಲು ಓದುತ್ತಿದ್ದರು. ಸತ್ಕಾರವೂ ನಿಜ, ಕಾವಲೂ ನಿಜ. ಇತಿಹಾಸದ ವಿದ್ಯಾರ್ಥಿ ಎರಡನ್ನೂ ಬರೆದುಕೊಳ್ಳಬೇಕು.

ಬ್ರೈಟನ್ನಿನಲ್ಲಿ ತೀರಿಕೊಂಡ ಹಿಂದೂ ಮತ್ತು ಸಿಖ್ ಸೈನಿಕರ ಅಂತ್ಯಕ್ರಿಯೆ ಊರಾಚೆಯ ಗುಡ್ಡದ ಮೇಲೆ ನಡೆಯಿತು. ಅಲ್ಲಿ 53 ಜನರ ಚಿತೆ ಉರಿದ ಜಾಗದಲ್ಲಿ 1921ರಲ್ಲಿ ಅಮೃತಶಿಲೆಯ 'ಛತ್ರಿ' ನಿರ್ಮಾಣವಾಯಿತು. ಮುಸ್ಲಿಂ ಸೈನಿಕರ ದಫನ್ ನಡೆದದ್ದು ಲಂಡನ್ನಿನ ನೈರುತ್ಯಕ್ಕಿರುವ ವೋಕಿಂಗ್ ಎಂಬಲ್ಲಿ.

ವೋಕಿಂಗ್‌ನಲ್ಲಿ ಮೊದಲೇ ಒಂದು ಮಸೀದಿಯಿತ್ತು. ಭೋಪಾಲಿನ ಶಾಹಜಹಾನ್ ಬೇಗಂ ಅವರ ಧನಸಹಾಯದಿಂದ 1889ರಲ್ಲಿ ಡಾ. ಲೈಟ್‌ನರ್ ಎಂಬ ವಿದ್ವಾಂಸರು ಅದನ್ನು ಕಟ್ಟಿಸಿದರು. ಲೈಟ್‌ನರ್ ಮುಸಲ್ಮಾನರಾಗಿರಲಿಲ್ಲ. ತಮ್ಮ ಓರಿಯಂಟಲ್ ಇನ್‌ಸ್ಟಿಟ್ಯೂಟಿಗೆ ಬರುವ ವಿದ್ಯಾರ್ಥಿಗಳಿಗೆ ಪ್ರಾರ್ಥನೆಯ ಸ್ಥಳ ಬೇಕೆಂದು ಕಟ್ಟಿಸಿದರು. ಒಬ್ಬ ಭಾರತೀಯ ಮಹಿಳೆಯ ಹಣ, ಒಬ್ಬ ಯುರೋಪಿಯನ್ ಅಧ್ಯಾಪಕನ ಕಾಳಜಿ, ಪರದೇಶದ ವಿದ್ಯಾರ್ಥಿಗಳ ಅಗತ್ಯ ಸೇರಿ ಆದ ಮಸೀದಿಯದು. ಮುಸ್ಲಿಂ ಸೈನಿಕರಿಗೆ ಸರಿಯಾದ ದಫನ್ ಇಲ್ಲವೆಂದು ಜರ್ಮನರು ಪ್ರಚಾರ ಮಾಡತೊಡಗಿದಾಗ ಸಮೀಪದ ಹಾರ್ಸೆಲ್ ಬಯಲಿನಲ್ಲಿ ಖಬರಸ್ಥಾನ ಸಿದ್ಧವಾಯಿತು. ಅದರ ಕಮಾನು ಗೋಡೆಗಳ ಕೆಲಸ 1917ರಲ್ಲಿ ಮುಗಿಯಿತು. ಮುಂದೆ ಕಿಡಿಗೇಡಿಗಳ ಕಾಟದಿಂದ 1968ರಲ್ಲಿ ಗೋರಿಗಳನ್ನು ಬ್ರೂಕ್‌ವುಡ್ ಸ್ಮಶಾನಕ್ಕೆ ಸ್ಥಳಾಂತರಿಸಿದರು. ಹಳೆಯ ಜಾಗವನ್ನು ದುರಸ್ತಿ ಮಾಡಿ 2015ರಲ್ಲಿ ಶಾಂತಿವನವಾಗಿ ತೆರೆಯಲಾಯಿತು.

ಬ್ರೂಕ್‌ವುಡ್ ಕೂಡ ಹತ್ತಿರದ ರೈಲು ನಿಲ್ದಾಣವೇ. ಪವಿತ್ರ ಕುರ್‌ಆನನ್ನು ಇಂಗ್ಲಿಷಿಗೆ ಅನುವಾದಿಸಿದ ಇಬ್ಬರು ಮಹನೀಯರು ಅಲ್ಲಿ ಚಿರನಿದ್ರೆಯಲ್ಲಿದ್ದಾರೆ. ಒಬ್ಬರು ಅಬ್ದುಲ್ಲಾ ಯೂಸುಫ್ ಅಲಿ, ಇನ್ನೊಬ್ಬರು ಮರ್ಮಡ್ಯೂಕ್ ಪಿಕ್ತಾಲ್. ಪಿಕ್ತಾಲ್ ಅವರು ಹೈದರಾಬಾದ್ ನಿಜಾಮರ ಆಶ್ರಯದಲ್ಲಿ ಹಲವು ವರ್ಷ ಶಿಕ್ಷಕರಾಗಿ, ಸಂಪಾದಕರಾಗಿ ದುಡಿದವರು. ನಮ್ಮ ಗುಲ್ಬರ್ಗಾ, ಬೀದರ್, ರಾಯಚೂರು ಜಿಲ್ಲೆಗಳು ಆಗ ಅದೇ ಸಂಸ್ಥಾನದಲ್ಲಿದ್ದವು.

ಹೇಗೆ ನೋಡಬೇಕು?

ವಿದ್ಯಾರ್ಥಿ ಮಿತ್ರರೇ, ಇಂತಹ ಸ್ಥಳಗಳಿಗೆ ಹೋದಾಗ ಎರಡು ಭಾವನೆಗಳು ಬರುವುದು ಸಹಜ. ಒಂದು ಹೆಮ್ಮೆ, ಇನ್ನೊಂದು ಕೋಪ. ಹೆಮ್ಮೆ ಫೋಟೋದಲ್ಲಿ ಮುಗಿಯುತ್ತದೆ, ಕೋಪ ಮಾತಿನಲ್ಲಿ ಮುಗಿಯುತ್ತದೆ. ಎರಡನ್ನೂ ದಾಟಿ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಮಾಡಿಕೊಳ್ಳಿ. ಈ ವಸ್ತುವನ್ನು ಯಾರು ಮಾಡಿದರು? ಇದು ಇಲ್ಲಿಗೆ ಹೇಗೆ ಬಂತು? ಫಲಕದಲ್ಲಿ ಯಾರ ಹೆಸರಿಲ್ಲ? ಹುಲಿಯ ಕಥೆಯಲ್ಲಿ ಸುಲ್ತಾನರ ಹೆಸರಿದೆ, ಗೆದ್ದ ಸೇನಾಪತಿಗಳ ಹೆಸರುಗಳಿವೆ. ಮರ ಕೆತ್ತಿದ ಬಡಗಿಯ ಹೆಸರಿಲ್ಲ, ಗುಡಾರದ ಬಟ್ಟೆಗೆ ಬಣ್ಣ ಹಾಕಿದವರ ಹೆಸರೂ ಇಲ್ಲ.

ಇದು ಬರಿಯ ವಿದ್ವತ್ತಿನ ಮಾತಲ್ಲ. ಟಿಪ್ಪು ಸುಲ್ತಾನರ ಹೆಸರು ನಮ್ಮ ನಾಡಿನಲ್ಲಿ ಪದೇ ಪದೇ ವಿವಾದಕ್ಕೆ ಬರುತ್ತದೆ. ಆಗೆಲ್ಲ ಎರಡೂ ಕಡೆ ಘೋಷಣೆಗಳು ಕೇಳುತ್ತವೆ, ದಾಖಲೆಗಳು ಕಡಿಮೆ ಕಾಣುತ್ತವೆ. 1791ರಲ್ಲಿ ಮರಾಠಾ ಸೈನ್ಯದ ದಾಳಿಗೊಳಗಾದ ಶೃಂಗೇರಿ ಮಠಕ್ಕೆ ಅವರು ನೆರವು ನೀಡಿ ಬರೆದ ಕನ್ನಡ ಪತ್ರಗಳನ್ನು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ಕೊಡಗು ಮತ್ತು ಮಲಬಾರಿನಲ್ಲಿ ನಡೆದ ಕಠಿಣ ದಂಡಯಾತ್ರೆಗಳ ದಾಖಲೆಗಳೂ ಇವೆ. ಒಂದನ್ನು ಓದಿ ಇನ್ನೊಂದನ್ನು ಮುಚ್ಚಿಡುವವನು ಇತಿಹಾಸದ ವಿದ್ಯಾರ್ಥಿಯಲ್ಲ. ನಮ್ಮ ಮಕ್ಕಳು ಕೂಗುವವರಾಗಬೇಕೋ, ಓದಿ ಉತ್ತರ ಕೊಡುವವರಾಗಬೇಕೋ ಎಂಬುದು ನಮ್ಮ ಮುಂದಿರುವ ಪ್ರಶ್ನೆ. ಮೂಲ ಗ್ರಂಥ, ಮೂಲ ಪತ್ರ, ಮೂಲ ವಸ್ತುವಿನ ಮುಂದೆ ನಿಂತು ಬಂದವನ ಮಾತಿಗೆ ಬೇರೆಯೇ ತೂಕವಿರುತ್ತದೆ.

ಆದ್ದರಿಂದ ಹೊರಡುವ ಮುನ್ನ ಒಂದು ಸಣ್ಣ ಪುಸ್ತಕವನ್ನಾದರೂ ಓದಿ ಹೋಗಿ. ಜೇಬಿನಲ್ಲಿ ಟಿಪ್ಪಣಿ ಪುಸ್ತಕವಿರಲಿ. ಒಂದೇ ದಿನದಲ್ಲಿ ಐದು ಸ್ಥಳ ಓಡಿ ನೋಡುವ ಬದಲು ಒಂದೇ ಸ್ಥಳದಲ್ಲಿ ಅರ್ಧ ದಿನ ಕಳೆಯಿರಿ. ರಾತ್ರಿ ಕೋಣೆಗೆ ಬಂದು ಒಂದು ಪುಟ ಬರೆಯಿರಿ, ಕನ್ನಡದಲ್ಲಾಗಲಿ, ಉರ್ದುವಿನಲ್ಲಾಗಲಿ. ಲಂಡನ್ನಿನಲ್ಲಿರುವವರು ಥೇಮ್ಸ್ ನದಿಯ ದಂಡೆಯಲ್ಲಿ 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯನ್ನೂ ನೋಡಿ ಬನ್ನಿ.

ನಮ್ಮೂರಿನ ರಜೆ

ಎಲ್ಲರಿಗೂ ವಿದೇಶಕ್ಕೆ ಹೋಗುವ ಅವಕಾಶವಿಲ್ಲ. ಅದರಿಂದ ಬೇಸರಪಡಬೇಕಾಗಿಲ್ಲ, ಏಕೆಂದರೆ ಈ ಕಥೆಗಳ ಮೊದಲ ಅಧ್ಯಾಯ ನಮ್ಮಲ್ಲಿಯೇ ಇದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್‌ನ ಗೋಡೆಗಳ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರಗಳಿವೆ. ಅಲ್ಲಿ ಗೆದ್ದವರು ಮೈಸೂರಿನವರು. ಲಂಡನ್ನಿನ ಪದಕ ಮತ್ತು ಈ ಗೋಡೆಯನ್ನು ಜೊತೆಗಿಟ್ಟು ನೋಡಿದರೆ, ಇತಿಹಾಸವನ್ನು ಹೇಳುವವನು ಬದಲಾದಂತೆ ಚಿತ್ರ ಹೇಗೆ ಬದಲಾಗುತ್ತದೆ ಎಂಬುದು ತಿಳಿಯುತ್ತದೆ. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಹಾಳು ಬಾವಿಯೊಂದರ ಹೂಳು ತೆಗೆದಾಗ ಟಿಪ್ಪು ಕಾಲದ ಒಂದು ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ದೊರೆತವು. ಬೆಂಗಳೂರಿನ ಜೆ.ಸಿ. ನಗರದಲ್ಲಿ, 1918ರಲ್ಲಿ ಹೈಫಾ ಪಟ್ಟಣವನ್ನು ಗೆದ್ದ ಕಾಳಗದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ಪಡೆಯ ಸ್ಮಾರಕವಿದೆ.

ಬೀದರಿನ ಮದರಸಾವನ್ನು ನೋಡದ ವಿದ್ಯಾರ್ಥಿ ನಮ್ಮಲ್ಲಿ ಇರಬಾರದು. ಇರಾನಿನ ಗೀಲಾನ್ ಪ್ರಾಂತದಿಂದ ಬಂದು ಬಹಮನಿ ರಾಜ್ಯದ ವಜೀರರಾದ ಮಹಮೂದ್ ಗವಾನರು 1472ರಲ್ಲಿ ಅದನ್ನು ಕಟ್ಟಿಸಿದರು. ಅಲ್ಲಿ ಮೂರು ಸಾವಿರ ಹಸ್ತಪ್ರತಿಗಳ ಗ್ರಂಥಾಲಯವಿತ್ತು ಎಂದು ಇತಿಹಾಸಕಾರರು ಬರೆಯುತ್ತಾರೆ. ಆ ಕಾಲದಲ್ಲಿ ವಿದ್ಯೆಗಾಗಿ ಸಮುದ್ರ ದಾಟಿ ಬರುತ್ತಿದ್ದವರು ಹೊರದೇಶದವರು, ಅವರು ಬರುತ್ತಿದ್ದುದು ನಮ್ಮ ಬೀದರಿಗೆ. ಇಂದು ದಾರಿ ತಿರುಗಿದೆ, ನಾವು ಹೋಗುತ್ತಿದ್ದೇವೆ.

ಹೋಗುವವರಿಗೆ ನಮ್ಮ ಶುಭ ಹಾರೈಕೆಗಳು. ಅವರಲ್ಲಿ ಒಂದು ವಿನಂತಿ ಇದೆ. ಪದವಿ ಪತ್ರದ ಜೊತೆಗೆ ವಾರದ ರಜೆಗಳಲ್ಲಿ ಬರೆದ ಆ ಟಿಪ್ಪಣಿ ಪುಸ್ತಕವನ್ನೂ ತನ್ನಿ. ಒಂದು ದಿನ ನಮ್ಮ ಶಾಲೆಗಳಿಗೆ ಬಂದು ಮಕ್ಕಳ ಮುಂದೆ ಅದನ್ನು ಓದಿ ಹೇಳಿ. ಮೇ 4ರ ಮರುದಿನ ಏನಾಯಿತು ಎಂದು ಕೇಳಿದಾಗ ಆ ತರಗತಿಯಲ್ಲಿ ಒಂದು ಕೈಯಾದರೂ ಮೇಲೇಳಲಿ.